ತಾಳಮದ್ದಳೆಯ ಸಭೆಯೂ ಅದರ ಅಪೇಕ್ಷೆಯೂ

ಕಾವ್ಯವಿಮರ್ಶೆಯು ಕನ್ನಡದಲ್ಲಿ ಬಹುಮಟ್ಟಿಗೆ ಕವಿಯನ್ನೂ ಕೃತಿಯನ್ನೂ ಕುರಿತೇ ನಡೆದುಬಂದಿದೆ. ಸಹೃದಯನ ಹೆಸರು ಲಕ್ಷಣಗ್ರಂಥಗಳಲ್ಲಿ ಗೌರವದಿಂದ ಬರುವುದುಂಟಾದರೂ, ಆತನಿಗೆ ಬೇಕಾದುದೇನು, ಅದನ್ನು ಆತನು ಹೇಗೆ ತಿಳಿಯಪಡಿಸುತ್ತಾನೆ, ಆ ಬೇಡಿಕೆಯಿಂದ ಕೃತಿಗೆ ಲಾಭವೋ ಹಾನಿಯೋ ಎಂಬ ವಿಚಾರವು ವಿರಳ. ಬರೆದಿಟ್ಟ ಕಾವ್ಯದ ವಿಷಯದಲ್ಲಿ ಇದು ಸಹಜವೇ ಸರಿ. ಅಲ್ಲಿ ಓದುಗನು ಕವಿಗೆ ದೂರದವನು, ಅನೇಕ ವೇಳೆ ಶತಮಾನಗಳಷ್ಟು ದೂರದವನು. ಆದರೆ ಕೇಳುವವನು ಕೈಗೆಟಕುವಷ್ಟು ಹತ್ತಿರದಲ್ಲಿ ಕುಳಿತಿರುವ, ಆತನ ಮುಖವನ್ನು ನೋಡುತ್ತಲೇ ಮಾತು ಹುಟ್ಟುವ ವಾಙ್ಮಯಪ್ರಕಾರವೊಂದು ಕನ್ನಡದಲ್ಲಿದೆ. ಅದು ತಾಳಮದ್ದಳೆ. ಸಣ್ಣ ಸಭೆಯೊಂದರ ಅಪೇಕ್ಷೆಯು ಒಂದು ಕಲೆಯನ್ನು ಬೆಳೆಯಿಸುವ ಬಗೆಯನ್ನೂ, ಅದೇ ಅಪೇಕ್ಷೆಯನ್ನು ತಪ್ಪಾಗಿ ತಿಳಿದುಕೊಂಡಲ್ಲಿ ಅದು ಕಲೆಯನ್ನು ಕೆಡಿಸುವ ಬಗೆಯನ್ನೂ ಪರೀಕ್ಷಿಸುವುದಕ್ಕೆ ಇದಕ್ಕಿಂತ ಉಚಿತವಾದ ನಿದರ್ಶನವು ದೊರೆಯುವುದು ಕಷ್ಟ.

ತಾಳಮದ್ದಳೆಯ ಸ್ವರೂಪವು ಕರಾವಳಿಯವರಿಗೂ ಮಲೆನಾಡಿನವರಿಗೂ ವಿದಿತವಾದುದೇ. ಯಕ್ಷಗಾನದ ಪ್ರಸಂಗವೇ ಇದಕ್ಕೂ ಆಧಾರ. ಆದರೆ ಇಲ್ಲಿ ವೇಷವಿಲ್ಲ, ಕುಣಿತವಿಲ್ಲ, ರಂಗಸ್ಥಳವಿಲ್ಲ. ಭಾಗವತನು ಪದ್ಯವನ್ನು ಹಾಡುತ್ತಾನೆ. ಮದ್ದಳೆ ಚೆಂಡೆಗಳ ಹಿಮ್ಮೇಳವು ಕೂಡುತ್ತದೆ. ಪದ್ಯವು ಮುಗಿದೊಡನೆ ಅರ್ಥಧಾರಿಯು ತನ್ನ ಪಾತ್ರದ ಮಾತನ್ನು ಆಶುವಾಗಿ ಆಡುತ್ತಾನೆ. ಬಯಲಾಟದ ಮೇಳಗಳು ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ರಾತ್ರಿಗಳಲ್ಲಿ ಮನೆಯ ಚಾವಡಿಯಲ್ಲಿಯೋ ದೇವಾಲಯದ ಅಂಗಣದಲ್ಲಿಯೋ ಈ ಕೂಟಗಳು ನಡೆಯುವ ರೂಢಿ ಹಳೆಯದು. ಇಂತಹ ಕೂಟಗಳಲ್ಲಿ ಕೇಳುವವರ ಸಂಖ್ಯೆ ಸ್ವಲ್ಪವೇ. ಅವರಲ್ಲಿ ಕೆಲವರು ಮುಂದಿನ ವಾರದ ಕೂಟದಲ್ಲಿ ತಾವೇ ಅರ್ಥ ಹೇಳತಕ್ಕವರು; ಈ ದಿನ ಅರ್ಥ ಹೇಳಿದವರು ಆ ದಿನ ಕೆಳಗೆ ಕುಳಿತು ಕೇಳತಕ್ಕವರು. ವಕ್ತೃವೂ ಶ್ರೋತೃವೂ ಹೀಗೆ ಸ್ಥಾನವನ್ನು ಬದಲಾಯಿಸಿಕೊಳ್ಳುವ ಸಮಾಜವು ಬೇಡುವ ವಸ್ತುವು, ಹಣ ಕೊಟ್ಟು ನೋಡಿ ಹೋಗುವ ಜನಸಂದಣಿಯು ಬೇಡುವ ವಸ್ತುವಿಗಿಂತ ಭಿನ್ನವಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಈ ಸಭೆಗೆ ಹೆಚ್ಚು ಹೆಚ್ಚಾಗಿ ಬೇಕಾದುದು ಯಾವುದು? ಕಥೆಯಂತೂ ಅಲ್ಲ. ವಾಲಿಯು ಬಾಣದಿಂದ ಬೀಳುವನೆಂಬುದೂ, ಕೃಷ್ಣನ ಸಂಧಾನವು ಮುರಿಯುವುದೆಂಬುದೂ ಕೂಟಕ್ಕೆ ಬಂದ ಬಾಲಕನಿಗೂ ಗೊತ್ತು. ಪದ್ಯವೆನ್ನೋಣವೆಂದರೆ, ಭಾಗವತಿಕೆಯ ಸವಿಗೆ ಮನಸೋಲುವವರು ಎಲ್ಲೆಡೆಯೂ ಇದ್ದರೂ, ಗಾನಕ್ಕಾಗಿಯೇ ಬರುವವರಿಗೆ ಬಯಲಾಟದಲ್ಲಿ ಅದಕ್ಕಿಂತ ಪುಷ್ಕಳವಾದ ಅವಕಾಶವಿದೆ. ಆದುದರಿಂದ ಸಭಿಕರು ಬೇಡುವುದು ಅರ್ಥವನ್ನು, ಎಂದರೆ ಮಾತನ್ನು, ಎಂಬ ಉತ್ತರವು ಸಾಮಾನ್ಯವಾಗಿ ಬರುತ್ತದೆ. ಈ ಉತ್ತರವು ಸುಳ್ಳಲ್ಲ. ಆದರೆ ಅರ್ಧ ಮಾತ್ರವೇ ನಿಜ. ಉಳಿದರ್ಧವನ್ನು ಬಿಟ್ಟುದರಿಂದಲೇ ಈ ಕಲೆಯ ವಿಮರ್ಶೆಯಲ್ಲಿ ಕೆಲವು ತೊಡಕುಗಳು ಬಂದೊದಗಿವೆ.

ವಾಲಿವಧೆಯ ಪ್ರಸಂಗವನ್ನು ನೋಡಬಹುದು. ಮೂಲವಾದ ವಾಲ್ಮೀಕಿರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಬಾಣ ತಗುಲಿ ಬಿದ್ದ ವಾಲಿಯು ರಾಮನನ್ನು ಕಠಿನವಾಗಿ ಪ್ರಶ್ನಿಸುತ್ತಾನೆ. ಇನ್ನೊಬ್ಬನೊಡನೆ ಯುದ್ಧಮಾಡುತ್ತಿದ್ದ ತನ್ನನ್ನು ಮರೆಯಲ್ಲಿ ನಿಂತು ಹೊಡೆದುದು ಯಾವ ಧರ್ಮವೆಂಬುದು ಅವನ ಪ್ರಶ್ನೆಯ ತಿರುಳು. ರಾಮನು ಉತ್ತರ ಕೊಡುತ್ತಾನೆ: ಭೂಮಿಯೆಲ್ಲ ಇಕ್ಷ್ವಾಕುಗಳ ಆಳಿಕೆಗೆ ಸೇರಿದುದು, ಭರತನ ಆಜ್ಞೆಯಂತೆ ದಂಡಿಸುವ ಅಧಿಕಾರ ತನಗುಂಟು, ತಮ್ಮನು ಬದುಕಿರುವಾಗಲೇ ಅವನ ಹೆಂಡತಿಯಾದ ರುಮೆಯನ್ನು ಇಟ್ಟುಕೊಂಡವನು ದಂಡಾರ್ಹನು, ಸುಗ್ರೀವನಿಗೆ ಕೊಟ್ಟ ಮಾತನ್ನು ನಡೆಯಿಸಬೇಕಾಗಿದೆ, ಮೃಗವನ್ನು ಮರೆಯಿಂದ ಬೇಟೆಯಾಡುವುದು ದೋಷವಲ್ಲ. ಈ ಉತ್ತರಗಳು ಒಂದಕ್ಕೊಂದು ಪೂರ್ತಿಯಾಗಿ ಹೊಂದುವುದಿಲ್ಲವೆಂಬುದನ್ನು ಪ್ರಾಚೀನರೂ ಆಧುನಿಕರೂ ಚರ್ಚಿಸಿದ್ದಾರೆ. ವಾಲಿಯು ಮೃಗವಾದರೆ ಅವನಿಗೆ ಮನುಷ್ಯಧರ್ಮದ ದಂಡವೇಕೆ? ಅವನು ಧರ್ಮಕ್ಕೆ ಒಳಪಟ್ಟವನಾದರೆ ಮರೆಯ ಬಾಣವೇಕೆ? ಈ ಬಿರುಕಿನಲ್ಲಿಯೇ ತಾಳಮದ್ದಳೆಯ ವಾಲಿಯು ಬೆಳೆದು ನಿಂತಿದ್ದಾನೆ. ಪ್ರಸಂಗದ ಕೆಲವೇ ಪದ್ಯಗಳ ಆಸರೆಯಲ್ಲಿ ಈ ಸಂವಾದವು ಗಂಟೆಗಟ್ಟಳೆ ನಡೆಯುತ್ತದೆ, ಸಭೆಯು ಬೇಸರಿಸುವುದಿಲ್ಲ.

ಆದರೆ ವಾಲಿಯ ಮಾತಿಗೆ ಸಭೆಯು ತಲೆದೂಗುತ್ತದೆಂಬುದನ್ನು ಕಂಡುಕೊಂಡ ಅರ್ಥಧಾರಿಯು, ಸಭೆಗೆ ಬೇಕಾದುದು ವಾಲಿಯ ಮಾತೇ ಎಂದು ಬಗೆದು ಅದನ್ನೇ ಇಮ್ಮಡಿಯಾಗಿ ಕೊಡತೊಡಗಿದರೆ ಆಗುವುದೇನು? ಪ್ರಶ್ನೆಗಳು ಹೆಚ್ಚುತ್ತವೆ; ರಾಮನ ಪಾತ್ರವು ಹೇಗೂ ಸೋಲತಕ್ಕದ್ದೆಂಬ ಭಾವನೆಯಿಂದ ಅದನ್ನು ಎಳೆಯ ಅರ್ಥಧಾರಿಗೋ ಮೆದುಮಾತಿನವನಿಗೋ ವಹಿಸುವುದಾಗುತ್ತದೆ. ಅಲ್ಲಿಗೆ ವಾದವು ಗೆಲ್ಲುತ್ತದೆ, ಪ್ರಸಂಗವು ಸೋಲುತ್ತದೆ. ಏಕೆಂದರೆ ಕಥೆಯು ವಾಲಿಯ ಪ್ರಶ್ನೆಯಲ್ಲಿ ಮುಗಿಯುವುದಿಲ್ಲ. ರಾಮನ ಉತ್ತರವನ್ನು ಕೇಳಿದ ವಾಲಿಯು ಕೈಮುಗಿದು, ಮಗನಾದ ಅಂಗದನನ್ನು ಅವನ ರಕ್ಷಣೆಗೆ ಒಪ್ಪಿಸುತ್ತಾನೆ. ತಾನು ಅಧರ್ಮಿಯೆಂದು ಕೊನೆಯ ಉಸಿರಿನವರೆಗೂ ಸಾಧಿಸಿದವನ ಕೈಗೆ ತಂದೆಯೊಬ್ಬನು ಮಗನನ್ನು ಹೇಗೆ ಒಪ್ಪಿಸಿಯಾನು? ರಾಮನ ಉತ್ತರದಲ್ಲಿ ಎಲ್ಲಿಯೋ ಒಂದೆಡೆ ವಾಲಿಯನ್ನು ಮುಟ್ಟುವ ಮಾತು ಬಾರದೆ ಹೋದರೆ ಅಂಗದನನ್ನು ಒಪ್ಪಿಸುವ ಘಟ್ಟವು ಕೇವಲ ಪದ್ಯದ ಕಟ್ಟುಪಾಡಿಗಾಗಿ ನಡೆದಂತೆ ತೋರುತ್ತದೆ. ಪ್ರಶ್ನೆಗೆ ಮೆಚ್ಚಿದ ಸಭೆಯೇ ಆ ಘಟ್ಟದಲ್ಲಿ ಕದಲತೊಡಗುತ್ತದೆ. ತನಗೆ ದೊರೆಯದೆ ಹೋದುದು ಯಾವುದೆಂದು ಅದು ಬಾಯಿಬಿಟ್ಟು ಹೇಳಲಾರದಿದ್ದರೂ, ದೊರೆಯಲಿಲ್ಲವೆಂಬುದು ಅದಕ್ಕೆ ತಿಳಿದಿರುತ್ತದೆ.

ಇದರಿಂದ ಸಿದ್ಧವಾಗುವ ಅಂಶವಿದು: ಸಭೆಯು ಬೇಡುವುದು ಮಾತನ್ನಲ್ಲ, ಮರುಮಾತನ್ನು. ಒಂದು ಮಾತು ಇನ್ನೊಂದು ಮಾತಿನ ಎದುರಿನಲ್ಲಿ ಬದಲಾಗುವುದನ್ನು, ಮನಸ್ಸೊಂದು ಇನ್ನೊಂದು ಮನಸ್ಸಿನಿಂದ ಅಲುಗುವುದನ್ನು ಕಣ್ಣಾರೆ ಕಾಣಬೇಕೆಂಬುದೇ ಅದರ ಆಸೆ. ಕೇವಲ ವಾಗ್ಮಿತೆಯೇ ಬೇಕಾಗಿದ್ದರೆ ಹರಿಕಥೆಯು ಅದನ್ನು ಧಾರಾಳವಾಗಿ ಕೊಡಬಲ್ಲದು. ಅಲ್ಲಿ ಒಬ್ಬನೇ ಎಲ್ಲ ಪಾತ್ರಗಳನ್ನೂ ನುಡಿಯುತ್ತಾನೆ. ಕಳೆದ ಶತಮಾನದಲ್ಲಿ ಅರ್ಥಗಾರಿಕೆಗೆ ಅಪಾರ ಕೀರ್ತಿಯನ್ನು ತಂದ ಶೇಣಿ ಗೋಪಾಲಕೃಷ್ಣ ಭಟ್ಟರೂ (೧೯೧೮–೨೦೦೬) ಮಲ್ಪೆ ಶಂಕರನಾರಾಯಣ ಸಾಮಗರೂ ಹರಿದಾಸರಾಗಿಯೂ ಹೆಸರಾದವರೆಂಬುದು ಇಲ್ಲಿ ಗಮನಾರ್ಹ. ಆದರೆ ತಾಳಮದ್ದಳೆಯ ರಸಿಕರ ನೆನಪಿನಲ್ಲಿ ಈ ಹೆಸರುಗಳು ಅನೇಕ ವೇಳೆ ಜೋಡಿಯಾಗಿಯೇ ನಿಂತಿವೆ. ಶೇಣಿಯವರ ವಾಲಿ, ರಾವಣ, ಮಾಗಧ ಮೊದಲಾದ ಪಾತ್ರಗಳು ಪ್ರತಿನಾಯಕನ ಪಕ್ಷಕ್ಕೆ ಹೊಸ ಘನತೆಯನ್ನು ತಂದುಕೊಟ್ಟವೆಂಬುದು ಸರ್ವಸಮ್ಮತ. ಎದುರಿನ ಆಸನದಲ್ಲಿ ಸಮಬಲನಾದವನು ಕುಳಿತಾಗ ಆ ಘನತೆಯು ಹೆಚ್ಚಿತೇ ಹೊರತು ಕುಗ್ಗಲಿಲ್ಲವೆಂಬುದನ್ನೂ ಅದರೊಡನೆಯೇ ಹೇಳಬೇಕಾಗಿದೆ.

ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ಎಲ್ಲ ಪ್ರಸಂಗಗಳೂ ವಾದಪ್ರಧಾನವಲ್ಲ. ಭಾವಪ್ರಧಾನವಾದವುಗಳಲ್ಲಿ ಮರುಮಾತಿನ ಅಪೇಕ್ಷೆಯೆಲ್ಲಿ ಎಂದು ಕೇಳಬಹುದು. ಕರ್ಣಭೇದನವು ಇದಕ್ಕೆ ತಕ್ಕ ಉದಾಹರಣೆ. ಕೃಷ್ಣನು ಕರ್ಣನ ಜನ್ಮರಹಸ್ಯವನ್ನು ತಿಳಿಸಿ ಪಾಂಡವಪಕ್ಷಕ್ಕೆ ಕರೆಯುತ್ತಾನೆ, ಕರ್ಣನು ಒಪ್ಪುವುದಿಲ್ಲ. ಇಲ್ಲಿ ಕರ್ಣನು ವಾದದಲ್ಲಿ ಗೆಲ್ಲಲು ಹೊರಟರೆ ಪಾತ್ರವು ಒಡನೆಯೇ ಒಣಗಿಹೋಗುತ್ತದೆ. ತಾನು ಯಾರೆಂಬುದನ್ನು ಆಗತಾನೆ ಕೇಳಿದವನಿಗೆ ತರ್ಕವು ಅಷ್ಟು ಬೇಗ ಕೈಗೂಡಲಾರದು. ಆದರೆ ಸೂಕ್ಷ್ಮವಾಗಿ ವಿಚಾರಿಸಿದರೆ ಇಲ್ಲಿಯೂ ಮರುಮಾತು ಇಲ್ಲದಿಲ್ಲ. ಕೃಷ್ಣನ ಮಾತಿಗೆ ಕರ್ಣನು ಮೊದಲು ಕೊಡತಕ್ಕ ಉತ್ತರವೇ ಮೌನ. ಆ ಮೌನವನ್ನು ಕಾಯ್ದುಕೊಳ್ಳಬಲ್ಲ ಅರ್ಥಧಾರಿಯೂ, ಅದನ್ನು ತನ್ನ ಮುಂದಿನ ಮಾತಿನಿಂದ ತುಂಬಿಬಿಡದಿರುವ ಕೃಷ್ಣನೂ, ಆ ಹೊತ್ತಿನಲ್ಲಿ ಅವಸರದಿಂದ ಮುಂದಿನ ಪದ್ಯವನ್ನು ಎತ್ತಿಕೊಳ್ಳದ ಭಾಗವತನೂ ಕೂಡಿದಾಗ ಮಾತ್ರ ಪ್ರಸಂಗವು ಸಾರ್ಥಕವಾಗುತ್ತದೆ. ಮರುಮಾತೆಂದರೆ ಖಂಡನೆಯೆಂದಷ್ಟೇ ಅರ್ಥವಲ್ಲ. ಎದುರಿನವನ ಮಾತು ತನ್ನೊಳಗೆ ಇಳಿಯಿತೆಂಬುದರ ಗುರುತೆಂದು ಅರ್ಥ.

ಸಭೆಯ ಈ ಎರಡು ಬಗೆಯ ತೃಪ್ತಿಯನ್ನು ನಾಟ್ಯಶಾಸ್ತ್ರದ ಸಿದ್ಧಿಪ್ರಕರಣವು ಎಂದೋ ಬೇರ್ಪಡಿಸಿ ಹೇಳಿದೆ. ಪ್ರಯೋಗದ ಸಿದ್ಧಿಯು ಮಾನುಷಿಯೆಂದೂ ದೈವಿಕಿಯೆಂದೂ ಎರಡು ವಿಧ. ನಗೆ, ಸಾಧುವಾದ, ಅಹೋ ಎಂಬ ಉದ್ಗಾರ, ರೋಮಾಂಚ, ಆಸನದಿಂದ ಏಳುವುದು, ಬಟ್ಟೆಯನ್ನೂ ಉಂಗುರವನ್ನೂ ಎಸೆದು ಮೆಚ್ಚುವುದು ಮೊದಲಾದುವು ಮಾನುಷಸಿದ್ಧಿಯ ಚಿಹ್ನೆಗಳು. ಶಬ್ದವಿಲ್ಲದೆ, ಕ್ಷೋಭೆಯಿಲ್ಲದೆ, ತುಂಬಿದ ರಂಗವು ನಿಶ್ಚಲವಾಗಿರುವುದು ದೈವಿಕಸಿದ್ಧಿ. ಚಪ್ಪಾಳೆಯನ್ನು ಎಣಿಸುವವನಿಗೆ ಮೊದಲನೆಯದು ಮಾತ್ರವೇ ಕಾಣುತ್ತದೆ. ವಾಲಿಯ ಪ್ರಶ್ನೆಗೆ ಮೊದಲನೆಯದು ದೊರೆಯುವುದು ಸುಲಭ. ಕರ್ಣನ ಮೌನಕ್ಕೆ ಎರಡನೆಯದು ದೊರೆಯಬೇಕು. ಶಬ್ದದಿಂದ ಬೇಡುವುದನ್ನು ಮಾತ್ರವೇ ಸಭೆಯ ಬೇಡಿಕೆಯೆಂದು ತಿಳಿದರೆ, ಅದು ನಿಶ್ಶಬ್ದವಾಗಿ ಬೇಡುತ್ತಿದ್ದುದು ಕ್ರಮೇಣ ಕಲೆಯಿಂದಲೇ ಮರೆಯಾಗುವುದು.

ಈ ಸಂದರ್ಭದಲ್ಲಿ ಶರಸೇತುಬಂಧನದ ಕಥೆಯನ್ನು ನೆನೆಯುವುದು ಉಚಿತ. ಬಾಣಗಳಿಂದಲೇ ಸೇತುವೆಯನ್ನು ಕಟ್ಟಬಲ್ಲೆನೆಂಬ ಅರ್ಜುನನಿಗೂ ಹನುಮಂತನಿಗೂ ಪಂಥವು ನಡೆಯುತ್ತದೆ. ಹನುಮಂತನ ಭಾರಕ್ಕೆ ಸೇತುವೆಯು ಮುರಿದು, ಸೋತ ಅರ್ಜುನನು ಅಗ್ನಿಪ್ರವೇಶಕ್ಕೆ ಸಿದ್ಧನಾಗುತ್ತಾನೆ. ಆಗ ವೇಷ ಮರೆಸಿಕೊಂಡು ಬಂದ ಕೃಷ್ಣನು, ಸಾಕ್ಷಿಯಿಲ್ಲದೆ ನಡೆದ ಪಂಥವು ಪಂಥವಲ್ಲ, ತನ್ನೆದುರಿನಲ್ಲಿ ಮತ್ತೊಮ್ಮೆ ನಡೆಯಲಿ ಎನ್ನುವನೆಂಬುದು ಕಥೆಯ ಪ್ರಸಿದ್ಧ ರೂಪ. ಇಬ್ಬರ ನಡುವಿನ ಸ್ಪರ್ಧೆಯು ಮೂರನೆಯವನೊಬ್ಬನು ನೋಡುತ್ತಿದ್ದಾಗಲೇ ಅರ್ಥವುಳ್ಳದ್ದಾಗುತ್ತದೆಂಬ ಈ ತತ್ತ್ವವು ತಾಳಮದ್ದಳೆಯ ಸಭೆಯ ಸ್ಥಾನವನ್ನು ಚೆನ್ನಾಗಿ ನಿರ್ದೇಶಿಸುತ್ತದೆ. ಸಭೆಯು ಗೆದ್ದವನ ಪಕ್ಷವಲ್ಲ, ಸೋತವನ ಪಕ್ಷವೂ ಅಲ್ಲ, ಅದು ಸಾಕ್ಷಿ. ಕೃಷ್ಣನ ಸಾಕ್ಷಿತ್ವದಿಂದ ಅರ್ಜುನನ ಪ್ರಾಣವೂ ಉಳಿಯಿತು, ಹನುಮಂತನ ಮಹಿಮೆಗೂ ಕುಂದಾಗಲಿಲ್ಲ. ಒಳ್ಳೆಯ ಸಭೆಯು ಅರ್ಥಧಾರಿಗಳಿಬ್ಬರಿಗೂ ಮಾಡತಕ್ಕ ಉಪಕಾರವು ಇದೇ.

ಈ ವಿಚಾರವು ಇಂದು ವಿಶೇಷವಾಗಿ ಅಗತ್ಯವಾಗಿರುವುದಕ್ಕೆ ಕಾರಣವುಂಟು. ಚಾವಡಿಯ ಕೂಟಗಳ ಜತೆಗೆ ದೊಡ್ಡ ಸಭಾಂಗಣಗಳ ಕೂಟಗಳು ಬಂದಿವೆ. ಆಹ್ವಾನಿತರಾದ ಪ್ರಸಿದ್ಧರ ಹೆಸರಿಗಾಗಿ ಜನ ಸೇರುತ್ತಾರೆ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಧ್ವನಿಸುರುಳಿಗಳೂ, ಅನಂತರ ಇತರ ಮುದ್ರಣಸಾಧನಗಳೂ ಅರ್ಥಗಾರಿಕೆಯನ್ನು ಮನೆಮನೆಗೆ ಮುಟ್ಟಿಸಿವೆ. ಆಡಿದ ಕ್ಷಣದಲ್ಲಿಯೇ ಅಳಿದುಹೋಗುತ್ತಿದ್ದ ಮಾತು ಉಳಿಯುವಂತಾದುದು ಸಂಶೋಧಕರಿಗೆ ಪರಮೋಪಕಾರವೇ. ಆದರೆ ಸಂವಾದದಿಂದ ಒಬ್ಬನ ಮಾತನ್ನು ಮಾತ್ರ ಕತ್ತರಿಸಿ ತೆಗೆದು, ಎದುರಿನ ಮಾತನ್ನು ಬಿಟ್ಟು ಕೇಳುವುದಕ್ಕೂ ಅದೇ ಸಾಧನವು ದಾರಿಮಾಡಿಕೊಟ್ಟಿದೆ. ಹಾಗೆ ಕೇಳಿ ಬೆಳೆದ ಎಳೆಯ ಅರ್ಥಧಾರಿಯು ವಾಲಿಯ ಪ್ರಶ್ನೆಗಳನ್ನು ಕಂಠಸ್ಥಮಾಡಿಕೊಂಡು ಬರುತ್ತಾನೆ. ರಾಮನು ಆ ದಿನ ಏನು ಹೇಳಿದರೂ ಅವನ ಮುಂದಿನ ಪ್ರಶ್ನೆಯು ಬದಲಾಗುವುದಿಲ್ಲ. ಇದು ಆಶುಸಾಹಿತ್ಯವಲ್ಲ, ಬಾಯಿಪಾಠ. ಚಾವಡಿಯ ಸಣ್ಣ ಸಭೆಯು ಇದನ್ನು ಒಡನೆಯೇ ಗುರುತಿಸುತ್ತಿತ್ತು. ಏಕೆಂದರೆ ಕಳೆದ ವಾರ ರಾಮನ ಅರ್ಥ ಹೇಳಿ ಅದೇ ಪ್ರಶ್ನೆಗಳನ್ನು ಎದುರಿಸಿದವನು ಆ ಸಭೆಯಲ್ಲಿಯೇ ಕುಳಿತಿರುತ್ತಿದ್ದನು.

ವಿಮರ್ಶಕರ ಹೊಣೆಯೂ ಇಲ್ಲಿ ಸ್ವಲ್ಪವಲ್ಲ. ಅರ್ಥಗಾರಿಕೆಯನ್ನು ಕುರಿತ ಬರೆವಣಿಗೆಯು ಬಹುಮಟ್ಟಿಗೆ ಅರ್ಥಧಾರಿಗಳ ವ್ಯಕ್ತಿಚಿತ್ರವಾಗಿಯೂ ಪ್ರಶಂಸೆಯಾಗಿಯೂ ಸಾಗಿದೆ. ಒಬ್ಬೊಬ್ಬರ ಪಾಂಡಿತ್ಯ, ಕಂಠ, ಶೈಲಿಗಳನ್ನು ಬಣ್ಣಿಸುವುದು ತಪ್ಪಲ್ಲ. ಆದರೆ ಇಲ್ಲಿ ಕೃತಿಯೆಂಬುದು ಒಬ್ಬನದಲ್ಲ. ಆ ರಾತ್ರಿಯ ಎರಡು ಪಾತ್ರಗಳ ನಡುವೆ ಹುಟ್ಟಿದುದೇ ಕೃತಿ. ಒಂದು ಮಾತು ಎದುರಿನ ಯಾವ ಮಾತಿಗೆ ಉತ್ತರವಾಗಿ ಬಂದಿತು, ಅದರಿಂದ ಮುಂದಿನ ಮಾತು ಹೇಗೆ ತಿರುಗಿತು, ಪ್ರಸಂಗದ ಪದ್ಯವು ವಿಧಿಸಿದ ಮೇರೆಗೆ ಇಬ್ಬರೂ ಹೇಗೆ ಬಂದು ಮುಟ್ಟಿದರು ಎಂಬಿವುಗಳನ್ನು ಪರಿಶೀಲಿಸಿ ಹೇಳುವ ವಿಮರ್ಶೆಯು ಬೆಳೆಯಬೇಕಾಗಿದೆ. ಪಾಠಶಾಲೆಗಳಲ್ಲಿ ಸಾಹಿತ್ಯವನ್ನು ಬೋಧಿಸುವವರು ಇಂತಹ ಸಂವಾದವೊಂದರ ಎರಡು ಪಕ್ಷಗಳನ್ನೂ ವಿದ್ಯಾರ್ಥಿಗಳ ಮುಂದಿಟ್ಟು, ಅಂಗದನನ್ನು ಒಪ್ಪಿಸುವ ಘಟ್ಟಕ್ಕೆ ವಾಲಿಯ ಮನಸ್ಸು ಯಾವ ಮಾತಿನಿಂದ ಹದವಾಯಿತೆಂಬುದನ್ನು ಹುಡುಕಿಸಿದರೆ, ಕಾವ್ಯಪಾಠಕ್ಕೂ ಅದರಿಂದ ಪ್ರಯೋಜನವಾದೀತು.

ಸಭೆಯು ಹೆಚ್ಚು ಬೇಕೆಂದಾಗ ಹೆಚ್ಚು ಕೊಡುವುದು ಕಲಾವಿದನಿಗೆ ಸಹಜ. ಯಾವುದನ್ನು ಹೆಚ್ಚಿಸಬೇಕೆಂಬುದನ್ನು ತಿಳಿಯುವುದರಲ್ಲಿಯೇ ವಿವೇಕವಿರುವುದು. ವಾಲಿಗೆ ಇನ್ನೂ ಹತ್ತು ಪ್ರಶ್ನೆಗಳನ್ನು ಕೂಡಿಸುವುದರಿಂದ ಸಭೆಯ ಹಸಿವು ತೀರದು. ಒಬ್ಬ ಸಮರ್ಥನಾದ ರಾಮನನ್ನು ಅವನ ಎದುರಿನಲ್ಲಿ ಕುಳ್ಳಿರಿಸುವುದರಿಂದ ತೀರೀತು.