ಎಸೆಯದೇ ಉಳಿದ ಚೆಂಡನ್ನೂ ಎಣಿಸಿ: ಸೆಂಟರ್‌ಗಳನ್ನು ಅಳೆಯುವ ಬಗೆ

ಎನ್‌ಬಿಎ ಇತಿಹಾಸದಲ್ಲಿ ಎಲ್ಲರಿಗಿಂತ ದೊಡ್ಡ ಸೆಂಟರ್ ಯಾರು ಎಂದು ಕೇಳಿ ನೋಡಿ, ಬಹುಪಾಲು ಮಂದಿ ಪಾಯಿಂಟಿನ ಲೆಕ್ಕದಿಂದಲೇ ಶುರುಮಾಡುತ್ತಾರೆ. ಒಬ್ಬರಿಗೆ ವಿಲ್ಟ್ ಚೇಂಬರ್ಲಿನ್ 1962ರ ಮಾರ್ಚ್ 2ರಂದು ಪೆನ್ಸಿಲ್ವೇನಿಯಾದ ಹರ್ಷಿ ಊರಿನಲ್ಲಿ ನ್ಯೂಯಾರ್ಕ್ ನಿಕ್ಸ್ ವಿರುದ್ಧ ಗಳಿಸಿದ 100 ಪಾಯಿಂಟ್ ಸಾಕು. ಇನ್ನೊಬ್ಬರಿಗೆ ಕರೀಂ ಅಬ್ದುಲ್-ಜಬ್ಬಾರ್ ಅವರ 38,387 ಸಾಕು. ಮತ್ತೊಬ್ಬರಿಗೆ ಅಷ್ಟೂ ಬೇಡ, ಶಕೀಲ್ ಓನೀಲ್ ಡಂಕ್ ಮಾಡಿ ಬೋರ್ಡನ್ನೇ ಕೆಳಗಿಳಿಸಿದ ತುಣುಕೊಂದು ಮೊಬೈಲಿನಲ್ಲಿದ್ದರೆ ಚರ್ಚೆ ಮುಗಿಯಿತು. ಅಮೆರಿಕದ ರಾತ್ರಿ ನಮಗೆ ಬೆಳಗು. ಕೆಲಸಕ್ಕೆ ಹೊರಡುವ ಅವಸರದಲ್ಲಿ ಪೂರ್ತಿ ಆಟ ನೋಡಲು ಪುರುಸೊತ್ತಿಲ್ಲ ಎಂಬುದು ನಿಜ. ಆದರೆ ಆಟದ ಸಾರವನ್ನು ಆ ಎರಡು ನಿಮಿಷದ ತುಣುಕಿನಲ್ಲೇ ಕಂಡೆವೆಂದು ನಂಬುವುದನ್ನು ಒಪ್ಪಲಾಗದು. ತುಣುಕು ಕತ್ತರಿಸುವವರು ಚೆಂಡು ರಿಂಗ್‌ನೊಳಗೆ ಬಿದ್ದ ಕ್ಷಣವನ್ನು ಉಳಿಸಿಕೊಂಡು ಅದರ ಹಿಂದುಮುಂದನ್ನು ಎಸೆಯುತ್ತಾರೆ. ಸೆಂಟರ್ ಆಟಗಾರನ ಕಲೆಯ ಮುಕ್ಕಾಲು ಪಾಲು ಹೋಗುವುದು ಹೀಗೆ ಎಸೆದದ್ದರ ಜೊತೆಗೇ.

ನನ್ನ ವಾದ ಸರಳ. ಸೆಂಟರ್‌ನನ್ನು ಅವನ ಕೈಯಿಂದ ಅಳೆಯಬಾರದು, ಕೋರ್ಟಿನಲ್ಲಿರುವ ಉಳಿದ ಒಂಬತ್ತು ಜನರ ಕಾಲಿನಿಂದ ಅಳೆಯಬೇಕು. ಅವನು ಅಲ್ಲಿ ನಿಂತಿದ್ದಾನೆ ಎಂಬ ಕಾರಣಕ್ಕೆ ಎದುರಾಳಿಗಳು ಯಾವ ದಾರಿ ಬಿಟ್ಟರು, ಯಾವ ಎಸೆತವನ್ನು ಮನಸ್ಸಿನಲ್ಲೇ ಕೈಬಿಟ್ಟರು? ಅವನ ಜೊತೆಗಾರರು ಎಷ್ಟು ಧೈರ್ಯದಿಂದ ಮುಂದೆ ನುಗ್ಗಿ ಚೆಂಡು ಕಸಿಯಲು ಹೋದರು? ಕಬಡ್ಡಿಯಲ್ಲಿ ರೈಡರ್ ಯಾರನ್ನೂ ಮುಟ್ಟದೆ ಬರಿಗೈಯಲ್ಲಿ ಮರಳಿದರೆ ಅದನ್ನು ಖಾಲಿ ರೈಡ್ ಎಂದು ಬರೆದಿಡುತ್ತಾರೆ. ಅದನ್ನು ಖಾಲಿಯಾಗಿಸಿದ ಕಾರ್ನರ್ ಆಟಗಾರನ ಬೆಲೆ ಕಬಡ್ಡಿ ಬಲ್ಲವರಿಗೆ ಗೊತ್ತು. ಬ್ಯಾಸ್ಕೆಟ್‌ಬಾಲ್ ಸ್ಕೋರ್‌ಶೀಟಿನಲ್ಲಿ ಅಂಥ ಕಾಲಮ್ಮೇ ಇಲ್ಲ. ಎಸೆದ ಚೆಂಡಿಗೆ ಲೆಕ್ಕವಿದೆ, ಎಸೆಯಲು ಹೆದರಿದ್ದಕ್ಕೆ ಲೆಕ್ಕವಿಲ್ಲ. ಎದುರಾಳಿಯ ಎಸೆತವನ್ನು ಕೈಯಿಂದ ತಡೆಯುವ ಬ್ಲಾಕ್‌ಗಳನ್ನು ಲೀಗ್ ಅಧಿಕೃತವಾಗಿ ಎಣಿಸತೊಡಗಿದ್ದೇ 1973-74ರಲ್ಲಿ. ಅಷ್ಟರಲ್ಲಿ ಬಾಸ್ಟನ್ ಸೆಲ್ಟಿಕ್ಸ್‌ನ ಸೆಂಟರ್ ಬಿಲ್ ರಸೆಲ್ ನಿವೃತ್ತರಾಗಿ ನಾಲ್ಕು ವರ್ಷ ಕಳೆದಿತ್ತು, ಚೇಂಬರ್ಲಿನ್ ಕೂಡ ಅದೇ ವರ್ಷ ಲೀಗ್ ಬಿಟ್ಟಿದ್ದರು. 2013-14ರಿಂದ ಎಲ್ಲ ಅಂಗಣಗಳಲ್ಲೂ ಕ್ಯಾಮೆರಾ ಕೂರಿಸಿ ಆಟಗಾರರ ಪ್ರತಿ ಹೆಜ್ಜೆಯನ್ನೂ ದಾಖಲಿಸುತ್ತಿದ್ದಾರೆ. ಅದರಿಂದ ಉಪಕಾರವಾಗಿದೆ. ಆದರೂ ಸೆಂಟರ್ ಎದುರಿಗಿದ್ದಾಗ ಎಸೆದ ಚೆಂಡುಗಳಲ್ಲಿ ಎಷ್ಟು ಬಿದ್ದವು ಎಂಬುದೇ ಜನರ ಬಾಯಲ್ಲಿ ಓಡಾಡುವ ಅಂಕಿ. ಎಸೆಯದೇ ಹಿಂತಿರುಗಿದವನು ಅದರಲ್ಲಿ ಕಾಣುವುದಿಲ್ಲ.

ಹಾಗಾಗಿ ಹೊಸ ರಸಿಕರು ಮೊದಲು ಮಾಡಬೇಕಾದದ್ದು ಚೆಂಡಿನ ಮೇಲಿನ ಕಣ್ಣು ಕೀಳುವುದು. ಒಂದು ಪೂರ್ತಿ ಕ್ವಾರ್ಟರ್ ಆರಿಸಿಕೊಂಡು, ರಕ್ಷಣೆಯಲ್ಲಿರುವ ತಂಡದ ಸೆಂಟರ್‌ನ ಪಾದಗಳನ್ನಷ್ಟೇ ನೋಡಿ. ಒಳ್ಳೆಯ ಸೆಂಟರ್ ಚೆಂಡು ತನ್ನ ಕಡೆ ಹೊರಡುವ ಮೊದಲೇ ಅರ್ಧ ಹೆಜ್ಜೆ ಸರಿದಿರುತ್ತಾನೆ. ಆಮೇಲೆ ಚೆಂಡು ಹಿಡಿದು ನುಗ್ಗುವ ಗಾರ್ಡ್‌ನನ್ನು ನೋಡಿ: ಅವನು ರಿಂಗ್‌ವರೆಗೆ ಬಂದನೋ, ಎಂಟು ಹತ್ತು ಅಡಿ ದೂರದಲ್ಲೇ ತಡೆದು ನಿಂತು ಚೆಂಡನ್ನು ಮತ್ತೆ ಹೊರಕ್ಕೆ ಕೊಟ್ಟನೋ? ಒಂದು ಕ್ವಾರ್ಟರಿನಲ್ಲಿ ಹೀಗೆ ಎಷ್ಟು ಸಲ ಹಿಂತಿರುಗಿದರು ಎಂದು ಎಣಿಸಿದರೆ ಯಾವ ಅಂಕಿಪಟ್ಟಿಯೂ ಹೇಳದ ಸತ್ಯ ತಿಳಿಯುತ್ತದೆ. ಮೂರನೆಯದು, ಬ್ಲಾಕ್ ಆದ ಚೆಂಡು ಎಲ್ಲಿ ಬಿತ್ತು ಎಂಬುದು. ಜನ ಚಪ್ಪಾಳೆ ತಟ್ಟುವುದು ಚೆಂಡನ್ನು ಪ್ರೇಕ್ಷಕರ ಮೂರನೆಯ ಸಾಲಿಗೆ ಬಾರಿಸಿದಾಗ. ಹಾಗೆ ಬಾರಿಸಿದರೆ ಚೆಂಡು ಮತ್ತೆ ಎದುರಾಳಿಗೇ ಸಿಗುತ್ತದೆ, ಅವರು ಬದಿಯಿಂದ ಆಟ ಮುಂದುವರಿಸುತ್ತಾರೆ. ರಸೆಲ್ ಚೆಂಡನ್ನು ಮೆಲ್ಲಗೆ ತಟ್ಟಿ ಕೋರ್ಟಿನ ಒಳಗೇ, ಸಾಧ್ಯವಾದಷ್ಟೂ ಜೊತೆಗಾರನ ಕೈಗೆ ಕೆಡವುತ್ತಿದ್ದರು. ಒಂದೇ ತಟ್ಟಿನಲ್ಲಿ ಎದುರಾಳಿಯ ಎಸೆತ ಸತ್ತು ಬಾಸ್ಟನ್ ಸೆಲ್ಟಿಕ್ಸ್‌ನ ಓಟ ಶುರುವಾಗುತ್ತಿತ್ತು. ಮೈನವಿರೇಳಬೇಕಾದದ್ದು ಇದಕ್ಕೆ.

ಈ ಅಳತೆಯಲ್ಲಿ ಮೊದಲ ಸ್ಥಾನ ರಸೆಲ್ ಅವರದು, ಎರಡನೆಯವರಿಗೂ ಅವರಿಗೂ ಅಂತರ ದೊಡ್ಡದು. ಸಾಕ್ಷಿಯನ್ನು ಅವರು ಬರುವ ಮೊದಲು ಮತ್ತು ಹೋದ ನಂತರ ಹುಡುಕಬೇಕು. ಬಾಬ್ ಕೂಸಿ, ಬಿಲ್ ಶಾರ್ಮನ್‌ರಂಥ ಗಾರ್ಡ್‌ಗಳಿದ್ದೂ ಸೆಲ್ಟಿಕ್ಸ್ 1956ರವರೆಗೆ ಒಮ್ಮೆಯೂ ಫೈನಲ್ ಮುಟ್ಟಿರಲಿಲ್ಲ. ಮೆಲ್ಬರ್ನ್ ಒಲಿಂಪಿಕ್ಸ್ ಮುಗಿಸಿ 1956ರ ಡಿಸೆಂಬರಿನಲ್ಲಿ ರಸೆಲ್ ತಂಡ ಸೇರಿದರು, ಮುಂದಿನ ವಸಂತದಲ್ಲೇ ಪ್ರಶಸ್ತಿ ಬಂತು. ಆ ಫೈನಲ್‌ನ ಏಳನೆಯ ಆಟದ ಕೊನೆಯಲ್ಲಿ ಸೇಂಟ್ ಲೂಯಿ ಹಾಕ್ಸ್‌ನ ಜ್ಯಾಕ್ ಕೋಲ್ಮನ್ ಒಬ್ಬಂಟಿಯಾಗಿ ರಿಂಗ್ ಕಡೆ ಹೊರಟಾಗ, ಕೋರ್ಟಿನ ಇನ್ನೊಂದು ತುದಿಯಿಂದ ಓಡಿಬಂದು ರಸೆಲ್ ಆ ಚೆಂಡನ್ನು ತಡೆದರು. ಎರಡು ಓವರ್‌ಟೈಮ್ ಆಡಿ ಬಾಸ್ಟನ್ ಗೆದ್ದಿತು. 13 ಸೀಸನ್, 11 ಪ್ರಶಸ್ತಿ, ಏಳನೆಯ ಆಟಕ್ಕೆ ಹೋದ ಹತ್ತು ಸರಣಿಗಳಲ್ಲಿ ಹತ್ತೂ ಗೆಲುವು. 1963ರಲ್ಲಿ ಕೂಸಿ ನಿವೃತ್ತರಾದ ಮೇಲೂ ಐದು ಪ್ರಶಸ್ತಿ ಬಂದವು, ಕೊನೆಯ ಎರಡರಲ್ಲಿ ರಸೆಲ್ ಅವರೇ ಕೋಚ್ ಕೂಡ. ಅವರು ಬಿಟ್ಟ ಮರುವರ್ಷ, 1969-70ರಲ್ಲಿ, ಸೆಲ್ಟಿಕ್ಸ್ 34 ಗೆದ್ದು 48 ಸೋತು ಪ್ಲೇಆಫ್‌ನಿಂದಲೇ ಹೊರಗುಳಿಯಿತು. ಸ್ಯಾಮ್ ಜೋನ್ಸ್ ಕೂಡ ಅದೇ ವರ್ಷ ಹೋದರು ಎಂಬುದನ್ನು ಲೆಕ್ಕಕ್ಕೆ ಸೇರಿಸಿಯೇ ಹೇಳುತ್ತಿದ್ದೇನೆ. ಒಬ್ಬ ಒಳ್ಳೆಯ ಗಾರ್ಡ್ ಹೋದರೆ ಚಾಂಪಿಯನ್ ತಂಡ ಇಷ್ಟು ಕುಸಿಯುವುದಿಲ್ಲ. ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಈಗ ಕೊಡುವ ಗೌರವಕ್ಕೆ ರಸೆಲ್ ಅವರ ಹೆಸರೇ ಇದೆ. ಅದು ಶುರುವಾದದ್ದು ಅವರ ಕೊನೆಯ ವರ್ಷದಲ್ಲಾದ್ದರಿಂದ ಅವರಿಗೇ ಅದು ಸಿಗಲಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು, ಕೆಲವು ಗಟ್ಟಿಯಾಗಿಯೂ ಇವೆ. ಆಗ ಲೀಗ್‌ನಲ್ಲಿ ಇದ್ದದ್ದು ಎಂಟು ಒಂಬತ್ತು ತಂಡ, ಗೆಲ್ಲುವುದು ಸುಲಭ ಎನ್ನುತ್ತಾರೆ. ತಂಡ ಕಡಿಮೆಯಾದರೆ ದುರ್ಬಲ ತಂಡಗಳೂ ಕಡಿಮೆ ಎಂಬುದನ್ನು ಮರೆಯುತ್ತಾರೆ. ಚೇಂಬರ್ಲಿನ್‌ರಂಥವರನ್ನು ಒಂದೇ ಸೀಸನ್ನಿನಲ್ಲಿ ಮತ್ತೆಮತ್ತೆ ಎದುರಿಸಬೇಕಿತ್ತು. ಆಟಕ್ಕೆ 22.5 ರೀಬೌಂಡ್ ಎಂಬ ಅವರ ಸರಾಸರಿ ಆ ಕಾಲದ ವೇಗದ, ಗುರಿತಪ್ಪುವ ಆಟದಿಂದ ಉಬ್ಬಿದ್ದು ಎನ್ನುತ್ತಾರೆ. ಒಪ್ಪುತ್ತೇನೆ, ಅದಕ್ಕೇ ಆ ಅಂಕಿಯನ್ನು ನಾನು ಸಾಕ್ಷಿಯಾಗಿ ಬಳಸಿಲ್ಲ. ಎಸೆತದಲ್ಲಿ ಅವರು ಸಾಧಾರಣ, 15.1 ಪಾಯಿಂಟ್ ಸರಾಸರಿ, 44 ಶೇಕಡಾ ಗುರಿ. ಇದೂ ನಿಜ. ಆದರೆ ಈ ಆಕ್ಷೇಪವೇ ನನ್ನ ವಾದಕ್ಕೆ ಬಲ ಕೊಡುತ್ತದೆ: ಎಸೆತದಲ್ಲಿ ಇಷ್ಟು ಸಾಧಾರಣನಾದವನು 11 ಸಲ ಗೆಲ್ಲಬೇಕಾದರೆ ಆ ಗೆಲುವು ಬಂದದ್ದು ಎಲ್ಲಿಂದ? ಇಂದಿನ ಮೂರು ಪಾಯಿಂಟ್ ಎಸೆತದ ಯುಗದಲ್ಲಿ ಅವರನ್ನು ರಿಂಗ್‌ನಿಂದ ದೂರ ಎಳೆದು ನಿಷ್ಫಲಗೊಳಿಸುತ್ತಿದ್ದರು ಎಂಬುದು ಕೊನೆಯ ಆಕ್ಷೇಪ. ದೂರ ಎಳೆದರೆ ಸೋಲುವವರು ಭಾರವಾದ, ನಿಧಾನ ಕಾಲಿನ ಸೆಂಟರ್‌ಗಳು. ರಸೆಲ್ ಹೈಜಂಪ್‌ನಲ್ಲೂ ಹೆಸರು ಮಾಡಿದವರು, ಕೋಲ್ಮನ್ ಬೆನ್ನಟ್ಟಿದ ಆ ಓಟ ಮೇಲೆ ಹೇಳಿದ್ದೇ ಇದೆ. ಇಂದಿನ ಕೋಚ್‌ಗಳು ಹುಡುಕುತ್ತಿರುವುದು ಅಂಥ ಕಾಲುಗಳನ್ನೇ.

ಚೇಂಬರ್ಲಿನ್ ಅವರ ವಿಷಯದಲ್ಲಿ ಜನಪ್ರಿಯ ಅಭಿರುಚಿ ಪೂರ್ತಿ ದಾರಿತಪ್ಪಿದೆ. 1961-62ರಲ್ಲಿ ಅವರು ಆಟಕ್ಕೆ 50.4 ಪಾಯಿಂಟ್ ಗಳಿಸಿದರು. ಅದೇ ವರ್ಷ ಆಟಗಾರರೇ ಮತ ಹಾಕಿ ಶ್ರೇಷ್ಠ ಆಟಗಾರನೆಂದು ಆರಿಸಿದ್ದು ರಸೆಲ್ ಅವರನ್ನು. ಎದುರು ನಿಂತು ಆಡಿದವರ ತೀರ್ಪು ಅದು. ನಿಜವಾದ ಚೇಂಬರ್ಲಿನ್‌ರನ್ನು ನೋಡಬೇಕಾದರೆ 1966 ಮತ್ತು 1967ನ್ನು ಪಕ್ಕಪಕ್ಕ ಇಡಬೇಕು. 1965-66ರಲ್ಲಿ ಫಿಲಡೆಲ್ಫಿಯಾ ಪರ ಅವರ ಸರಾಸರಿ 33.5 ಪಾಯಿಂಟ್, ತಂಡ ಪ್ಲೇಆಫ್‌ನಲ್ಲಿ ಬಾಸ್ಟನ್‌ಗೆ 4-1ರಿಂದ ಸೋತಿತು. ಮರುವರ್ಷ ಕೋಚ್ ಅಲೆಕ್ಸ್ ಹ್ಯಾನಮ್ ಕೈಕೆಳಗೆ, ಹೆಚ್ಚುಕಡಿಮೆ ಅದೇ ಜೊತೆಗಾರರೊಡನೆ, ಅವರ ಸರಾಸರಿ 24.1ಕ್ಕೆ ಇಳಿದು ಅಸಿಸ್ಟ್ 7.8ಕ್ಕೆ ಏರಿತು. ತಂಡ 68 ಗೆದ್ದು 13 ಸೋತಿತು, ಅದೇ ಬಾಸ್ಟನ್ನನ್ನು ಅದೇ 4-1ರಿಂದ ಮಣಿಸಿ ಪ್ರಶಸ್ತಿ ಪಡೆಯಿತು. 1971-72ರಲ್ಲಿ ಲಾಸ್ ಏಂಜಲೀಸ್ ಲೇಕರ್ಸ್ ಸತತ 33 ಆಟ ಗೆದ್ದಾಗ ಅವರ ಸರಾಸರಿ 14.8 ಮಾತ್ರ, ಕೆಲಸ ರಕ್ಷಣೆ ಮತ್ತು ರೀಬೌಂಡ್. ಅವರಿಗೆ ನಾಲ್ಕನೆಯ ಸ್ಥಾನ ಕೊಡುವುದು ಈ ಎರಡು ಸೀಸನ್‌ಗಳ ಬಲದ ಮೇಲೆ. ಹರ್ಷಿಯ ನೂರಕ್ಕೆ ನಾನು ಏನೂ ಕೊಡುವುದಿಲ್ಲ. ಅವರನ್ನು ತಡೆಯಲು 1964ರಲ್ಲಿ ಪೇಂಟ್, ಅಂದರೆ ರಿಂಗ್ ಮುಂದಿನ ಬಣ್ಣದ ಆವರಣದ ಅಗಲವನ್ನು 12 ಅಡಿಯಿಂದ 16ಕ್ಕೆ ಏರಿಸಿದರಲ್ಲ ಎಂದು ಕೇಳಿದರೆ, ಹಿಂದಿನ ಸೆಂಟರ್ ಜಾರ್ಜ್ ಮೈಕನ್‌ರನ್ನು ತಡೆಯಲು ಅದಕ್ಕೂ ಮೊದಲು ಅದನ್ನು 6ರಿಂದ 12ಕ್ಕೆ ಏರಿಸಿದ್ದರು. ನಿಯಮ ಬದಲಾದದ್ದು ಗಾತ್ರದ ಹೆದರಿಕೆಗೆ. ಕಲೆಯ ಶ್ರೇಣಿ ಬೇರೆ ಮಾತು.

ಎರಡನೆಯ ಸ್ಥಾನ ಅಬ್ದುಲ್-ಜಬ್ಬಾರ್ ಅವರಿಗೆ. 7 ಅಡಿ 2 ಅಂಗುಲದ ಮನುಷ್ಯ ಪಕ್ಕಕ್ಕೆ ತಿರುಗಿ, ತೋಳು ಪೂರ್ತಿ ಚಾಚಿ ತುದಿಯಲ್ಲಿ ಚೆಂಡು ಬಿಟ್ಟರೆ ತಡೆಯುವ ಕೈ ಇರಲಿಲ್ಲ. ಹಾಗಾಗಿ ಎದುರಾಳಿಗಳು ಚೆಂಡು ಅವರನ್ನು ತಲುಪದಂತೆಯೇ ನೋಡಿಕೊಳ್ಳಬೇಕಿತ್ತು, ಅದಕ್ಕೆ ಇಬ್ಬರು ಬೇಕಿತ್ತು, ಇಬ್ಬರು ಬಂದರೆ ಇನ್ನೊಬ್ಬ ಖಾಲಿ. ಸ್ಕೈಹುಕ್ ಎನ್ನುವ ಈ ಎಸೆತವನ್ನು ನೋಡುವಾಗ ಆ ಖಾಲಿಯಾದವನನ್ನು ನೋಡಿ. 1971ರಲ್ಲಿ ಮಿಲ್ವಾಕಿ ಪರ ಫೈನಲ್‌ನ ಶ್ರೇಷ್ಠ ಆಟಗಾರ, 1985ರಲ್ಲಿ 38ರ ವಯಸ್ಸಿನಲ್ಲಿ ಲೇಕರ್ಸ್ ಪರ ಮತ್ತೆ ಅದೇ ಗೌರವ. 1985ರ ಫೈನಲ್‌ನ ಮೊದಲ ಆಟದಲ್ಲಿ ಲೇಕರ್ಸ್ 148-114ರಿಂದ ಸೋತು ಎಲ್ಲರೂ ಅವರನ್ನು ಮುದುಕನೆಂದಾಗ, ಎರಡನೆಯ ಆಟದಲ್ಲಿ 30 ಪಾಯಿಂಟ್, 17 ರೀಬೌಂಡ್, 8 ಅಸಿಸ್ಟ್. 1980ರ ಫೈನಲ್‌ನ ಆರನೆಯ ಆಟವನ್ನು ಅವರಿಲ್ಲದೆಯೇ ಮ್ಯಾಜಿಕ್ ಜಾನ್ಸನ್ ಗೆದ್ದುಕೊಟ್ಟರಲ್ಲ ಎನ್ನುವವರಿಗೆ ಐದನೆಯ ಆಟ ನೆನಪಿಲ್ಲ: ಕಾಲು ಉಳುಕಿದ ಮೇಲೂ ಆಡಿ 40 ಪಾಯಿಂಟ್ ಗಳಿಸಿದ್ದರು.

ಮೂರನೆಯವರು ಲಾಗೋಸ್‌ನಲ್ಲಿ ಫುಟ್‌ಬಾಲ್ ಗೋಲ್‌ಕೀಪರ್ ಆಗಿ ಬೆಳೆದ ಹಕೀಂ ಒಲಾಜುವಾನ್. 1995ರಲ್ಲಿ ಅವರು ಎದುರಾಳಿ ಸೆಂಟರ್ ಡೇವಿಡ್ ರಾಬಿನ್ಸನ್‌ರನ್ನು ಅತ್ತಿತ್ತ ಓಲಾಡಿಸಿ ಪೇಚಿಗೆ ಸಿಕ್ಕಿಸಿದ ತುಣುಕು ಎಲ್ಲರ ಮೊಬೈಲಿನಲ್ಲೂ ಇದೆ. ನಾನು ಹೊಸ ರಸಿಕರಿಗೆ ತೋರಿಸುವುದು ಅದಕ್ಕೂ ಒಂದು ವರ್ಷ ಹಿಂದಿನದು, 1994ರ ಫೈನಲ್‌ನ ಆರನೆಯ ಆಟದ ಕೊನೆಯ ಕ್ಷಣ. ಅವರ ತಂಡ ಹ್ಯೂಸ್ಟನ್ 86-84ರಿಂದ ಮುಂದಿತ್ತು. ನ್ಯೂಯಾರ್ಕ್‌ನ ಜಾನ್ ಸ್ಟಾರ್ಕ್ಸ್ ಮೂರು ಪಾಯಿಂಟ್ ಗೆರೆಯಾಚೆಯಿಂದ ಎಸೆದ ಚೆಂಡು ಬಿದ್ದಿದ್ದರೆ ಪ್ರಶಸ್ತಿಯೇ ನ್ಯೂಯಾರ್ಕ್‌ನದು. ರಿಂಗ್ ಕೆಳಗೆ ಕಾಯಬೇಕಾದ ಸೆಂಟರ್ ಅಷ್ಟು ದೂರ ಬಂದು ಬೆರಳ ತುದಿಯಲ್ಲಿ ಅದನ್ನು ಸವರಿದರು. 3,830 ಬ್ಲಾಕ್‌ಗಳ ದಾಖಲೆಯಲ್ಲಿ ನಾನು ಎತ್ತಿ ತೋರಿಸುವುದು ಇಂಥ ಕಾಲಿನ ಕೆಲಸವನ್ನು.

ಇಷ್ಟು ರಕ್ಷಣೆಯ ಮಾತಾಡಿದವನು ನಿಕೊಲಾ ಯೋಕಿಚ್‌ರನ್ನು ಐದನೆಯ ಸ್ಥಾನದಲ್ಲಿ, ಓನೀಲ್‌ಗಿಂತ ಮೇಲೆ ಇಡುವುದು ಹೇಗೆ ಎಂದು ಕೇಳಬಹುದು. ಅಳತೆ ಅದೇ, ಒಂಬತ್ತು ಜನರ ಕಾಲು. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಡ್ರಾಫ್ಟ್‌ನಲ್ಲಿ 2014ರಲ್ಲಿ 41ನೆಯವರಾಗಿ ಆಯ್ಕೆಯಾದ ಈ ಸೆರ್ಬಿಯಾದವರು ಚೆಂಡು ಹಿಡಿದು ನಿಂತ ಕೂಡಲೇ ಡೆನ್ವರ್‌ನ ನಾಲ್ವರೂ ಓಡತೊಡಗುತ್ತಾರೆ. ಓಡಿದವನಿಗೆ ಚೆಂಡು ಬಂದೇ ಬರುತ್ತದೆ ಎಂಬ ಭರವಸೆ ಅವರ ಹೆಜ್ಜೆಯಲ್ಲಿ ಕಾಣುತ್ತದೆ. 2023ರ ಪ್ಲೇಆಫ್‌ನಲ್ಲಿ ಪಾಯಿಂಟ್, ರೀಬೌಂಡ್, ಅಸಿಸ್ಟ್ ಮೂರರಲ್ಲಿ ಪ್ರತಿಯೊಂದರ ಮೊತ್ತದಲ್ಲೂ ಅವರೇ ಮೊದಲು, ಹಾಗೆ ಮಾಡಿದ ಮೊದಲಿಗರೂ ಅವರೇ. ರಕ್ಷಣೆಯಲ್ಲಿ ಅವರು ಮೇಲಿನ ನಾಲ್ವರ ಹತ್ತಿರವೂ ಬರುವುದಿಲ್ಲ, ಐದರಲ್ಲೇ ನಿಂತದ್ದು ಅದಕ್ಕೆ. ಓನೀಲ್ 2000ರ ಫೈನಲ್‌ನಲ್ಲಿ ಆಟಕ್ಕೆ 38 ಪಾಯಿಂಟ್ ಗಳಿಸಿದ್ದು ಅಸಾಧಾರಣ. ಆದರೆ ಎದುರಾಳಿ ಗಾರ್ಡ್ ಹೊರಗಿನಿಂದ ಆಟ ಕಟ್ಟಿದಾಗ ಪೇಂಟ್ ಬಿಟ್ಟು ಬರಲು ಅವರ ಕಾಲು ಒಪ್ಪುತ್ತಿರಲಿಲ್ಲ, ಫ್ರೀ ಥ್ರೋ ಗುರಿ 52.7 ಶೇಕಡಾ, ಕೊನೆಯ ನಿಮಿಷಗಳಲ್ಲಿ ಬೇಕೆಂದೇ ಅವರಿಗೆ ಫೌಲ್ ಮಾಡುವುದೇ ಎದುರಾಳಿಗಳ ಯೋಜನೆಯಾಗಿತ್ತು. ಆರನೆಯ ಸ್ಥಾನ.

ಉಳಿದವರ ಬಗ್ಗೆ ಚುಟುಕಾಗಿ. ಬಿಲ್ ವಾಲ್ಟನ್ 1977ರ ಫೈನಲ್‌ನ ಆರನೆಯ ಆಟದಲ್ಲಿ 20 ಪಾಯಿಂಟ್, 23 ರೀಬೌಂಡ್, 7 ಅಸಿಸ್ಟ್, 8 ಬ್ಲಾಕ್ ಮಾಡಿದ್ದನ್ನು ಪೂರ್ತಿ ನೋಡಿ. ರಸೆಲ್ ಮತ್ತು ಯೋಕಿಚ್ ಒಬ್ಬರಲ್ಲೇ ಕಂಡ ಆಟ ಅದು. ಪಾದದ ಗಾಯಗಳು ಅವರನ್ನು ಪಟ್ಟಿಯಿಂದ ಹೊರಗಿಟ್ಟವು. ಮೋಸೆಸ್ ಮಲೋನ್ ತಮ್ಮದೇ ತಂಡ ತಪ್ಪಿಸಿದ ಎಸೆತಗಳನ್ನು ಮರಳಿ ಹಿಡಿಯುವುದರಲ್ಲಿ ಸಾಟಿಯಿಲ್ಲದವರು, ಎಂಟನೆಯವರು. ಡ್ರಾಫ್ಟ್‌ನಲ್ಲಿ ಆಯ್ಕೆಯೇ ಆಗದೆ ಬಂದು ನಾಲ್ಕು ಸಲ ಶ್ರೇಷ್ಠ ರಕ್ಷಕನೆನಿಸಿದ ಬೆನ್ ವ್ಯಾಲೇಸ್‌ರನ್ನು ಪಾಯಿಂಟ್ ನೋಡಿ ತಳ್ಳಿಹಾಕುವವರ ಜೊತೆ ವಾದಿಸಿ ಪ್ರಯೋಜನವಿಲ್ಲ, ಒಂಬತ್ತನೆಯವರು. ವಿಕ್ಟರ್ ವೆಂಬಾನ್ಯಾಮಾ 2023-24ರ ತಮ್ಮ ಮೊದಲ ಸೀಸನ್ನಿನಲ್ಲೇ ಬ್ಲಾಕ್‌ನಲ್ಲಿ ಲೀಗ್‌ಗೆ ಮೊದಲಿಗರಾದರು, ಗಾರ್ಡ್‌ಗಳು ಅವರನ್ನು ಕಂಡು ಹಿಂತಿರುಗುವುದೂ ಕಣ್ಣಿಗೆ ಬೀಳುತ್ತದೆ. ಆದರೆ ಒಂದೇ ತಂಡ ಪ್ಲೇಆಫ್‌ನಲ್ಲಿ ಆರೇಳು ಆಟ ಬಿಡದೆ ಎದುರಾಗಿ, ಅವರನ್ನು ಸುತ್ತಿ ಹೋಗುವ ಎಲ್ಲ ದಾರಿಗಳನ್ನೂ ಹುಡುಕಿ ಸೋಲಬೇಕು. ಅದು ಹಲವು ವರ್ಷ ನಡೆಯಬೇಕು. ಅಲ್ಲಿಯವರೆಗೆ ಏಳನೆಯ ಸ್ಥಾನ ರಾಬಿನ್ಸನ್ ಅವರದು.