ಲಿಪಿಕಾರನ ದೋಷವೂ ವಿದ್ಯಾರ್ಥಿಯ ತಪ್ಪೂ: ಉಮ್ಮತ್ತೂರು ಸೀಮೆಯನ್ನು ಕುರಿತು ಒಂದು ವಿಚಾರ

ಹಳೆಯ ಓಲೆಗರಿಯಲ್ಲಿ ‘ಧನ’ ಎಂದಿರಬೇಕಾದೆಡೆಯಲ್ಲಿ ‘ದನ’ ಎಂದಿದ್ದರೆ ಲಿಪಿಕಾರನನ್ನು ದಡ್ಡನೆಂದು ಜರೆದು ಸುಮ್ಮನಾಗುವ ಸಂಪಾದಕನಿಲ್ಲ. ಅದು ಕಣ್ಣಿನ ತಪ್ಪೋ, ಕಿವಿಯ ತಪ್ಪೋ, ಆತನ ಸೀಮೆಯ ಉಚ್ಚಾರಣೆಯೋ ಎಂದು ವಿಚಾರಿಸಿದ ಮೇಲೆಯೇ ಶುದ್ಧಪಾಠವನ್ನು ನಿರ್ಣಯಿಸುವುದು ಗ್ರಂಥಸಂಪಾದನೆಯ ಕ್ರಮ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ತರಗತಿಗಳಲ್ಲಿ ಬೋಧಿಸುವ ನಾವೇ, ಉತ್ತರಪತ್ರಿಕೆಯಲ್ಲಿ ಅದೇ ‘ದನ’ವನ್ನು ಕಂಡೊಡನೆ ಕೆಂಪು ಗೆರೆಯೆಳೆದು ಮುಂದೆ ಸಾಗುತ್ತೇವೆ. ಈ ಇಬ್ಬಗೆಯ ನ್ಯಾಯವನ್ನು ಪರಿಶೀಲಿಸುವುದು ಇಲ್ಲಿ ನಮ್ಮ ಉದ್ದೇಶ.

ಉದಾಹರಣೆಗೆ ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರನ್ನು ತೆಗೆದುಕೊಳ್ಳಬಹುದು. ಕೃಷ್ಣದೇವರಾಯನಿಗೆ ಎದುರುನಿಂತ ಗಂಗರಾಜನ ಪಾಳೆಯಪಟ್ಟಾಗಿ ಅದು ಚರಿತ್ರೆಯಲ್ಲಿ ಪ್ರಸಿದ್ಧ. ಆ ತಾಲ್ಲೂಕಿನ ಶಾಸನಗಳು ರೈಸರು ೧೮೯೮ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ನಾಲ್ಕನೆಯ ಸಂಪುಟದಲ್ಲಿ ಸೇರಿವೆ. ಈ ಸೀಮೆಯ ಆಡುನುಡಿಯಲ್ಲಿ ಪದಾದಿಯ ಹಕಾರ ಸಾಮಾನ್ಯವಾಗಿ ನಿಲ್ಲದು, ಮಹಾಪ್ರಾಣಗಳೂ ನಿಲ್ಲವು. ‘ಹತ್ತು’ ‘ಅತ್ತು’ ಆಗುತ್ತದೆ. ಹೀಗೆ ಕಳೆದುಹೋದ ಹಕಾರವನ್ನು ಬರಹದಲ್ಲಿ ಮರಳಿ ತರಲು ಹೊರಟ ವಿದ್ಯಾರ್ಥಿ, ಬೇಡದ ಕಡೆಯೂ ಅದನ್ನು ಸೇರಿಸಿ, ‘ಅಕ್ಕಿ’ಯನ್ನು ‘ಹಕ್ಕಿ’ ಮಾಡುವುದುಂಟು. ಇದು ಅಜ್ಞಾನವಲ್ಲ, ಅತಿ ಎಚ್ಚರಿಕೆ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ (೧೯೮೪) ಈ ಭಾಗದ ನುಡಿಯಲ್ಲೇ ಬಂದಾಗ ಶಿಷ್ಟಗನ್ನಡದಲ್ಲಿ ಪಳಗಿದ ಅನೇಕ ಓದುಗರು ಸಾಲುಸಾಲಿಗೂ ತಡವರಿಸಿದರು. ಅವರಿಗೆ ಯಾರೂ ಓದಿನ ನ್ಯೂನತೆಯನ್ನು ಆರೋಪಿಸಲಿಲ್ಲ. ಶಿಷ್ಟಗನ್ನಡದ ಪಠ್ಯವನ್ನು ಮೊದಲ ಬಾರಿಗೆ ಹಿಡಿದ ಆ ಸೀಮೆಯ ಮಗುವಿನ ಪಾಡೂ ಇದೇ ಅಲ್ಲವೆ?

ಆದರೆ ಇಲ್ಲಿಗೇ ನಿಂತರೆ ಇನ್ನೊಂದು ಅನ್ಯಾಯವಾಗುತ್ತದೆ. ‘ಹಳ್ಳಿಯ ಮಾತು, ಕಾಲಕ್ರಮದಲ್ಲಿ ಸರಿಹೋದೀತು’ ಎಂಬ ಸಮಾಧಾನದ ಮರೆಯಲ್ಲಿ, ನಿಜವಾಗಿಯೂ ಓದುಬರಹದ ತೊಡಕುಳ್ಳ ವಿದ್ಯಾರ್ಥಿ ಕಾಣದೆಹೋಗುತ್ತಾನೆ. ‘ಕನ್ನಡವನ್ನು ನುಡಿದಂತೆ ಬರೆಯುತ್ತೇವೆ, ಆದುದರಿಂದ ಕನ್ನಡದಲ್ಲಿ ಇಂಥ ತೊಡಕಿಗೆ ಎಡೆಯಿಲ್ಲ’ ಎಂಬ ಜನಪ್ರಿಯ ವಾದವು ಈ ಅಲಕ್ಷ್ಯಕ್ಕೆ ಬಲ ಕೊಡುತ್ತದೆ. ಈ ವಾದ ಅರ್ಧಸತ್ಯ. ‘ಸೂರ್ಯ’ ಎಂಬಲ್ಲಿ ರೇಫವು ಯಕಾರಕ್ಕಿಂತ ಮೊದಲು ಕೇಳಿಸುತ್ತದೆ. ಬರಹದಲ್ಲಿ ಅರ್ಕಾವೊತ್ತು ಯಕಾರದ ಅನಂತರ ಬರುತ್ತದೆ. ದ, ಧ, ಥಗಳ ಭೇದ ಒಂದು ಸೀಳಿನಲ್ಲಿ, ಒಂದು ಚುಕ್ಕೆಯಲ್ಲಿ ಅಡಗಿದೆ. ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿದರೆ ಕಲಿಯಬೇಕಾದ ರೂಪಗಳು ನೂರಾರು. ಕನ್ನಡ ಮಕ್ಕಳ ಅಕ್ಷರಕಲಿಕೆಯನ್ನು ಕುರಿತ ಸೊನಾಲಿ ನಾಗ್ ಅವರ ೨೦೦೭ರ ಅಧ್ಯಯನವು, ಈ ಕಲಿಕೆ ಇಂಗ್ಲಿಷಿನಂಥ ಲಿಪಿಗಳ ಕಲಿಕೆಗಿಂತ ನಿಧಾನವೆಂದೂ ಪ್ರಾಥಮಿಕ ತರಗತಿಗಳ ಉದ್ದಕ್ಕೂ ಮುಂದುವರಿಯುವುದೆಂದೂ ತೋರಿಸಿದೆ. ಎಲ್ಲ ಮಕ್ಕಳಿಗೂ ದೀರ್ಘವಾದ ಈ ದಾರಿ, ಧ್ವನಿಯನ್ನೂ ಅಕ್ಷರವನ್ನೂ ಬೆಸೆಯುವುದರಲ್ಲೇ ತೊಡಕುಳ್ಳವರಿಗೆ ಎಷ್ಟು ದುರ್ಗಮವೆಂಬುದನ್ನು ಊಹಿಸಬಹುದು.

ಹಾಗಾದರೆ ಈ ಎರಡನ್ನು ಬೇರ್ಪಡಿಸುವುದು ಹೇಗೆ? ಸಂಪಾದಕನ ವಿಧಾನವೇ ಇಲ್ಲಿ ನೆರವಾಗುತ್ತದೆ. ಉಪಭಾಷೆಯಿಂದ ಬಂದ ತಪ್ಪಿಗೆ ಒಂದು ನಿಯಮವಿರುತ್ತದೆ. ಅದೇ ಕೇರಿಯ ಸಹಪಾಠಿಗಳ ಬರಹದಲ್ಲಿಯೂ ಅದು ಕಾಣುತ್ತದೆ. ತಿಳಿಯಹೇಳಿದರೆ ಕ್ರಮೇಣ ತೊಲಗುತ್ತದೆ. ಒಂದೇ ಪುಟದಲ್ಲಿ ಒಂದೇ ಪದ ಮೂರು ಬಗೆಯಾಗಿದ್ದರೆ, ಅಕ್ಷರಗಳು ಸ್ಥಾನ ಬದಲಿಸಿದ್ದರೆ, ಕಣ್ಣೆದುರಿನ ಬರಹವನ್ನು ನಕಲು ಮಾಡುವಾಗಲೂ ತಪ್ಪಿದರೆ, ಬಾಯಿಮಾತಿನ ವಿವರಣೆ ಚುರುಕಾಗಿದ್ದೂ ಓದು ಸಹಪಾಠಿಗಳಿಗಿಂತ ಬಹಳ ಹಿಂದುಳಿದಿದ್ದರೆ, ಮತ್ತು ಬೋಧಿಸಿದ ಮೇಲೆಯೂ ಇವು ಉಳಿದರೆ, ಕಾರಣ ಬೇರೆಯೆಂದು ಶಂಕಿಸಬೇಕು. ಶಂಕಿಸುವುದಷ್ಟೇ ಅಧ್ಯಾಪಕನ ಕೆಲಸ, ನಿರ್ಣಯ ತಜ್ಞರದು. ಅದಕ್ಕೆ ೧೯೬೫ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ಸೀಮೆಗೆ ದೂರವೇನೂ ಅಲ್ಲ.

ಕಾನೂನಿನ ಬಗೆಗೂ ಒಂದು ಮಾತು. ೧೯೯೫ರ ಅಂಗವಿಕಲರ ಅಧಿನಿಯಮದಲ್ಲಿ ಈ ತೊಡಕಿಗೆ ಸ್ಥಾನವಿರಲಿಲ್ಲ. ೨೦೧೬ರ ಅಧಿನಿಯಮವು ಇದನ್ನು ೨೧ ಬಗೆಯ ವೈಕಲ್ಯಗಳಲ್ಲಿ ಸೇರಿಸಿತು. ಬೇಗ ಗುರುತಿಸಿ ತಕ್ಕ ಬೋಧನಕ್ರಮವನ್ನು ಕೈಗೊಳ್ಳಬೇಕೆಂದು ವಿಧಿಸಿದ್ದಲ್ಲದೆ, ಪರೀಕ್ಷೆಯಲ್ಲಿ ಹೆಚ್ಚಿನ ಕಾಲ, ಬರೆದುಕೊಡುವವರ ನೆರವು, ದ್ವಿತೀಯ ತೃತೀಯ ಭಾಷೆಗಳಿಂದ ವಿನಾಯಿತಿ ಇವನ್ನೂ ಹೇಳಿತು. ಇವು ಅವಶ್ಯವೇ ಸರಿ. ಆದರೆ ವಿನಾಯಿತಿ ಬೋಧನೆಯಾಗಲಾರದು. ಕನ್ನಡವೇ ಮೊದಲ ಭಾಷೆಯಾದ ವಿದ್ಯಾರ್ಥಿಗೆ ಎರಡು ಭಾಷೆಗಳನ್ನು ಬಿಟ್ಟುಕೊಟ್ಟ ಮಾತ್ರಕ್ಕೆ ಕನ್ನಡದ ಓದು ಒದಗದು. ಗುರುತಿಸದವನಿಗೆ ವಿನಾಯಿತಿಯೂ ದೊರೆಯದು.

ಕಾಲೇಜಿನಲ್ಲಿ ನಾವು ಮಾಡಬಹುದಾದುದು ಬಹಳ ಸರಳ. ಸಿದ್ಧತೆಗೆ ಎಡೆಗೊಡದೆ ತರಗತಿಯೆದುರು ಗಟ್ಟಿಯಾಗಿ ಓದಿಸದಿರುವುದು. ಪಠ್ಯವನ್ನು ನಾವೇ ಓದಿ ಕೇಳಿಸುವುದು. ತಿಳಿವಳಿಕೆಯನ್ನು ಬಾಯಿಮಾತಿನಲ್ಲಿಯೂ ಪರೀಕ್ಷಿಸುವುದು. ತಪ್ಪುಗಳನ್ನು ಎಣಿಸದೆ ವಿಂಗಡಿಸುವುದು. ಮಂಟೇಸ್ವಾಮಿ, ಮಾದೇಶ್ವರರ ಕಾವ್ಯಗಳನ್ನು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದ ಸೀಮೆಯಿದು. ಅಲ್ಲಿ ಬುದ್ಧಿಯನ್ನು ಬರಹವೊಂದರಿಂದಲೇ ಅಳೆಯುವುದು ಸಲ್ಲದು.

ಅಳಿದುಹೋದ ಲಿಪಿಕಾರನಿಗೆ ನಾವು ತೋರುವ ತಾಳ್ಮೆಯನ್ನು ಎದುರಿಗೆ ಕುಳಿತ ವಿದ್ಯಾರ್ಥಿಗೂ ತೋರಬೇಕು. ಲಿಪಿಕಾರನ ಪಾಠವನ್ನು ತಪ್ಪಾಗಿ ನಿರ್ಣಯಿಸಿದರೆ ಮುಂದಿನ ಸಂಪಾದಕ ತಿದ್ದಿಯಾನು. ವಿದ್ಯಾರ್ಥಿಯ ವಿಷಯದಲ್ಲಿ ಅಂಥ ಪರಿಷ್ಕೃತ ಮುದ್ರಣಕ್ಕೆ ಅವಕಾಶವಿಲ್ಲ.