ಹೂವನ್ನಲ್ಲ, ಎಲೆಯ ತುದಿಯನ್ನು ನೋಡಿ

ಗೌರಿ ಹಬ್ಬದ ಹೊತ್ತಿಗೆ ಮಲೆನಾಡಿನ ಬೇಲಿಗಳ ಮೇಲೆ, ಕಾಡಂಚಿನ ಪೊದೆಗಳ ನಡುವೆ ಕಿಡಿ ಹೊತ್ತಿದಂತೆ ಅರಳುವ ಗೌರಿ ಹೂವನ್ನು ಗುರುತಿಸಲು ಯಾರ ಪಾಠವೂ ಬೇಕಿಲ್ಲ. ತಲೆ ತಗ್ಗಿಸಿದ ಹೂವು, ಹಿಂದಕ್ಕೆ ಬಾಗಿ ಮೇಲಕ್ಕೆ ನಿಂತ ಆರು ಎಸಳು, ಅಲೆಅಲೆಯಾದ ಅಂಚು, ಸುತ್ತಲೂ ಕೈಚಾಚಿದ ಆರು ಕೇಸರ. ಇದನ್ನು ಅಗ್ನಿಶಿಖೆ ಎಂದವರು ಕಣ್ಣಿಗೆ ಕಂಡದ್ದನ್ನೇ ಹೇಳಿದರು. 1753ರಲ್ಲಿ ಲಿನೇಯಸ್ ಇದಕ್ಕೆ ಗ್ಲೋರಿಯೋಸಾ ಸುಪರ್ಬಾ ಎಂಬ ಹೆಸರು ಕೊಟ್ಟು, ಲ್ಯಾಟಿನ್ನಿನ ಎರಡು ಹೊಗಳಿಕೆಗಳನ್ನು ಒಂದೇ ಬಳ್ಳಿಗೆ ಸುರಿದ. ತಮಿಳುನಾಡಿಗೆ ಇದು ರಾಜ್ಯಪುಷ್ಪ, ದೂರದ ಜಿಂಬಾಬ್ವೆಗೆ ರಾಷ್ಟ್ರಪುಷ್ಪ. ಇಷ್ಟು ಎದ್ದು ಕಾಣುವ ವಿಷದ ಗಿಡ ನಮ್ಮ ಕಾಡಿನಲ್ಲಿ ಅಪರೂಪ. ಆದರೂ ಈ ಗಿಡದ ಮಟ್ಟಿಗೆ ಹೂವಿನಷ್ಟು ಕೈಕೊಡುವ ಸಾಕ್ಷಿ ಮತ್ತೊಂದಿಲ್ಲ ಎನ್ನುವುದು ನನ್ನ ವಾದ. ಸಸ್ಯಪ್ರಿಯರು ಮೊದಲು ಕಲಿಯಬೇಕಾದದ್ದು ಅದರ ಎಲೆಯನ್ನು. ಎಲೆಯಲ್ಲೂ ತುದಿಯ ಎರಡು ಅಂಗುಲವನ್ನು.

ಕಾರಣ ಸರಳ. ಗಿಡದ ಎಲ್ಲ ಭಾಗಗಳಲ್ಲೂ ವಿಷವಿದೆ, ಆದರೆ ಮನುಷ್ಯರ ಬಾಯಿಗೆ ಸೇರುವ ಸಂಭವ ಹೆಚ್ಚಿರುವುದು ಗೆಡ್ಡೆ. ಶ್ರೀಲಂಕಾದಲ್ಲಿ ನಿಯಂಗಲ ಎಂದು ಕರೆಯುವ ಇದೇ ಗಿಡದ ಗೆಡ್ಡೆಯನ್ನು ಗೆಣಸೆಂದು ತಿಂದು ಆಸ್ಪತ್ರೆ ಸೇರಿದವರ ಪ್ರಕರಣಗಳನ್ನು ಅಲ್ಲಿನ ವೈದ್ಯರು ದಾಖಲಿಸಿದ್ದಾರೆ. ಈಗ ಎರಡು ಕ್ಯಾಲೆಂಡರುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬಳ್ಳಿ ಮುಂಗಾರಿಗೆ ಚಿಗುರುತ್ತದೆ, ಮಳೆಗಾಲದ ನಡುವಿನಿಂದ ಅದು ಮುಗಿಯುವವರೆಗೆ ಹೂ ಬಿಡುತ್ತದೆ, ಕಾಯಿ ಬಲಿತ ಮೇಲೆ ನೆಲದ ಮೇಲಿನದೆಲ್ಲ ಒಣಗಿ ಇಲ್ಲವಾಗುತ್ತದೆ. ಗೆಡ್ಡೆಗೆಣಸು ಅಗೆಯುವ ಕಾಲವಾದರೋ ಚಳಿಗಾಲ. ಜೋಯಿಡಾದ ಗೆಡ್ಡೆಗೆಣಸು ಮೇಳ ನಡೆಯುವುದೂ ಆಗಲೇ. ಗುದ್ದಲಿ ಮಣ್ಣಿಗಿಳಿಯುವ ಹೊತ್ತಿಗೆ ಹೂವೆಂಬ ಸಾಕ್ಷಿ ಊರು ಬಿಟ್ಟಿರುತ್ತದೆ. ಅರಳಿರುವಾಗಲೂ ಅದು ಒಂದೇ ಮಾತಿಗೆ ನಿಲ್ಲುವುದಿಲ್ಲ: ಮೊದಲು ಹಸಿರು ಬೆರೆತ ಹಳದಿ, ಬರುಬರುತ್ತ ಕಿತ್ತಳೆ, ಕೊನೆಗೆ ಕಡುಗೆಂಪು. ಕೆಂಪು ಹೂವಿನ ಚಿತ್ರವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡವರು ಇಂದು ಬೆಳಿಗ್ಗೆ ಬಿರಿದ ಹೂವನ್ನೇ ಬೇರೆ ಜಾತಿ ಎಂದುಕೊಂಡಾರು.

ಎಲೆ ಹೀಗೆ ಮಾತು ಬದಲಿಸುವುದಿಲ್ಲ. ಭರ್ಜಿಯಂತೆ ನೀಳವಾದ, ತೊಟ್ಟಿಲ್ಲದೆ ಕಾಂಡಕ್ಕೇ ಅಂಟಿದ ಎಲೆ. ನರಗಳು ಹುಲ್ಲಿನೆಲೆಯಲ್ಲಿ ಇರುವಂತೆ ಉದ್ದಕ್ಕೆ ಸಮಾನಾಂತರ. ತುದಿಗೆ ಬಂದರೆ ಎಲೆ ಎಲೆಯಾಗಿ ಮುಗಿಯದೆ ಸಣ್ಣ ದಾರವಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಹಾಗಲಕ್ಕೋ ಸೋರೆಗೋ ಬಳ್ಳಿ ಹಿಡಿಯಲು ಕಾಂಡದಿಂದ ಬೇರೆಯೇ ಕುಡಿ ಹೊರಡುತ್ತದೆ. ಗೌರಿ ಹೂವಿನ ಬಳ್ಳಿ ಎಲೆಯ ತುದಿಯಿಂದಲೇ ಆಸರೆಯನ್ನು ಹಿಡಿಯುತ್ತದೆ. ಕಾಡುಗೆಣಸಿಗೆ ಇಂಥ ಕುಡಿಯೇ ಇಲ್ಲ. ಅದು ಇಡೀ ಕಾಂಡವನ್ನೇ ಮರಕ್ಕೆ ಸುತ್ತಿಕೊಂಡು ಏರುತ್ತದೆ. ಅದರ ಎಲೆಗೆ ಉದ್ದ ತೊಟ್ಟು. ಅನೇಕ ಜಾತಿಗಳಲ್ಲಿ ಹೃದಯದಾಕಾರ, ಬುಡದಿಂದ ಹೊರಟ ನರಗಳ ನಡುವೆ ಬಲೆ. ಹೂವು ಬಾರದ ಎಳೆಯ ಬಳ್ಳಿಯಲ್ಲೂ ಈ ವ್ಯತ್ಯಾಸ ಬೆರಳಿಗೆ ಸಿಗುತ್ತದೆ. ಎಲೆತುದಿ ಸುರುಳಿಯಾಗುವ ಗಿಡ ಇದೊಂದೇ ಏನು ಎಂದು ಬಲ್ಲವರು ಕೇಳಬಹುದು. ಅಲ್ಲ, ಫ್ಲಾಜೆಲ್ಲೇರಿಯಾ ಇಂಡಿಕಾ ಎಂಬ ಕರಾವಳಿಯ ಬಳ್ಳಿಗೂ ಅದೇ ಅಭ್ಯಾಸ. ಆದರೆ ಅದು ಬೆತ್ತದಂತೆ ಗಟ್ಟಿ, ಎಲೆಯ ಬುಡ ಕಾಂಡವನ್ನು ಕೊಳವೆಯಾಗಿ ತಬ್ಬಿರುತ್ತದೆ, ಹೂವು ಬಿಳಿಯ ಸಣ್ಣ ಗೊಂಚಲು. ಒಂದೇ ಗುರುತನ್ನು ನೆಚ್ಚಬಾರದು ಎನ್ನುವುದನ್ನು ಈ ಅಪವಾದ ಕಲಿಸುತ್ತದೆ. ಸುರುಳಿ ತುದಿ, ತೊಟ್ಟಿಲ್ಲದ ಎಲೆ, ಮೃದು ಕಾಂಡ ಮೂರೂ ಕೂಡಿದಲ್ಲಿ ಅನುಮಾನಕ್ಕೆ ಹೆಚ್ಚು ಎಡೆ ಇರದು.

ಗೆಡ್ಡೆಯೇ ಗುರುತು ಹೇಳುವುದಿಲ್ಲವೇ ಎನ್ನುವುದು ಮುಂದಿನ ಆಕ್ಷೇಪ. ಸಂಸ್ಕೃತದವರು ಇದನ್ನು ಲಾಂಗಲಿ ಎಂದದ್ದು ಗೆಡ್ಡೆ ನೇಗಿಲಿನಂತೆ ಎರಡು ಕವಲಾಗಿ ಬಾಗಿರುವುದರಿಂದ. ಲಾಂಗಲ ಎಂದರೆ ನೇಗಿಲು. ಗುರುತು ಚೆನ್ನಾಗಿಯೇ ಇದೆ, ಆದರೆ ಗೆಡ್ಡೆ ಇಡಿಯಾಗಿ ಸಿಕ್ಕಾಗ ಮಾತ್ರ. ಎಳೆಯ ಗಿಡದ್ದು ಸಣ್ಣದು, ಕವಲು ಸ್ಪಷ್ಟವಿರದು; ಗುದ್ದಲಿಯ ಏಟಿಗೆ ಮುರಿದ ತುಂಡು ಯಾವ ಗೆಣಸಿನ ತುಂಡಿನಂತೆಯೂ ಕಾಣಬಹುದು. ನೇಗಿಲು ಕಂಡರೆ ಬಿಟ್ಟುಬಿಡಿ ಎನ್ನುವುದು ಸರಿ. ನೇಗಿಲಿನಂತಿಲ್ಲ, ಹಾಗಾಗಿ ತಿನ್ನಬಹುದು ಎನ್ನುವುದು ತಪ್ಪು.

ಬೇಯಿಸಿದರೆ ಆಯಿತಲ್ಲ ಎನ್ನುವವರೂ ಇದ್ದಾರೆ. ಸುವರ್ಣಗೆಡ್ಡೆ, ಕೆಸುವಿನ ತುರಿಕೆಯನ್ನು ಹುಣಸೆಹುಳಿ ಹಾಕಿ ಬೇಯಿಸಿ ಅಡಗಿಸಿದ ಅಡುಗೆಮನೆಯ ಅನುಭವ ಈ ಮಾತಿನ ಹಿಂದಿದೆ. ಆ ಅನುಭವ ಇಲ್ಲಿ ಕೆಲಸಕ್ಕೆ ಬಾರದು. ಕೆಸುವಿನ ತುರಿಕೆಗೆ ಕಾರಣ ಸೂಜಿಯಂಥ ಹರಳುಗಳು. ಅವು ನಾಲಿಗೆಯಲ್ಲೇ ಎಚ್ಚರಿಸುತ್ತವೆ. ಗೌರಿ ಹೂವಿನ ವಿಷ ಕೋಲ್ಚಿಸಿನ್. ಅಡುಗೆಯ ಬಿಸಿಗೆ ಅದು ಜಗ್ಗುವುದಿಲ್ಲ. ಅದು ಜೀವಕೋಶಗಳ ಒಳಗಿನ ಸೂಕ್ಷ್ಮನಾಳಗಳು ಕಟ್ಟಿಕೊಳ್ಳದಂತೆ ಮಾಡಿ ಕೋಶ ವಿಭಜನೆಯನ್ನೇ ನಿಲ್ಲಿಸುತ್ತದೆ. ಮೊದಲ ಕೆಲವು ಗಂಟೆ ಏನೂ ಆಗದಿರಬಹುದು. ಆಮೇಲೆ ವಾಂತಿಭೇದಿ, ಒಂದೆರಡು ದಿನಗಳಲ್ಲಿ ಮೂಳೆಮಜ್ಜೆ, ಮೂತ್ರಪಿಂಡ, ಹೃದಯಕ್ಕೆ ಪೆಟ್ಟು. ಬದುಕುಳಿದವರ ತಲೆಗೂದಲು ವಾರಗಳ ನಂತರ ಉದುರುವುದೂ ಉಂಟು. ಆದ್ದರಿಂದ ತಿಂದದ್ದು ಗೊತ್ತಾದ ಕೂಡಲೇ, ಲಕ್ಷಣಕ್ಕೆ ಕಾಯದೆ, ಗಿಡದ ತುಂಡಿನೊಂದಿಗೆ ಆಸ್ಪತ್ರೆಗೆ ಹೋಗಬೇಕು.

ಇಷ್ಟು ಕ್ರೂರಿಯಾದರೆ ಔಷಧಿಯಲ್ಲೇಕೆ ಬಳಸುತ್ತಾರೆ ಎನ್ನುವ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಪೆಲಟಿಯೆ ಮತ್ತು ಕಾವಂಟು ಎಂಬ ಫ್ರೆಂಚ್ ರಸಾಯನವಿಜ್ಞಾನಿಗಳು 1820ರಲ್ಲಿ ಯುರೋಪಿನ ಸೋದರ ಸಸ್ಯವೊಂದರಿಂದ ಬೇರ್ಪಡಿಸಿದ ಇದೇ ವಸ್ತು ಇಂದಿಗೂ ಗೌಟ್ ರೋಗಿಗಳ ನೋವು ಇಳಿಸುತ್ತಿದೆ. ತಮಿಳುನಾಡಿನ ರೈತರು ಬೀಜಕ್ಕಾಗಿ ಈ ಬಳ್ಳಿಯನ್ನು ಬೆಳೆಯುತ್ತಾರೆ. ಆದರೆ ಆ ಮಾತ್ರೆಯಲ್ಲಿರುವುದು ಸಾಮಾನ್ಯವಾಗಿ 0.5 ಮಿಲಿಗ್ರಾಂ, ಅಳೆದದ್ದು. ಗೆಡ್ಡೆಯಲ್ಲಿ ಎಷ್ಟಿದೆ ಎಂದು ಗೆಡ್ಡೆ ಹೇಳುವುದಿಲ್ಲ. ಆಯುರ್ವೇದವೂ ಇದನ್ನು ಉಪವಿಷಗಳ ಸಾಲಿನಲ್ಲಿಟ್ಟು ಶೋಧನೆಯ ನಂತರವೇ ಬಳಸಬೇಕೆಂದಿತು. ಗರ್ಭಪಾತಿನಿ ಎಂಬ ಹೆಸರನ್ನೂ ಕೊಟ್ಟು ಎಚ್ಚರಿಸಿತು. ಔಷಧಿ ಎಂಬ ಮಾತು ವಿಷ ಎಂಬ ಮಾತನ್ನು ಅಳಿಸುವುದಿಲ್ಲ. ಬಲ್ಲವರ ಕೈಗೆ ಬಿಡಿ ಎಂದಷ್ಟೇ ಹೇಳುತ್ತದೆ.

ಚಳಿಗಾಲದಲ್ಲಿ ಎಲೆಯೂ ಇರುವುದಿಲ್ಲವಲ್ಲ, ಆಗೇನು? ನನ್ನ ವಾದಕ್ಕೆ ಎದುರಾಗುವ ಗಟ್ಟಿಯಾದ ಪ್ರಶ್ನೆ ಇದೇ. ಎಲೆಗೂ ಹೂವಿಗೂ ಇಲ್ಲಿ ವ್ಯತ್ಯಾಸ ದಿನಗಳ ಲೆಕ್ಕದ್ದು: ಹೂವು ಕೆಲವು ವಾರಗಳ ಅತಿಥಿ, ಎಲೆ ಮೊಳಕೆಯಿಂದ ಒಣಗುವವರೆಗೆ ಜೊತೆಗಿರುತ್ತದೆ. ಆ ತಿಂಗಳುಗಳಲ್ಲಿ ಯಾವ ಬೇಲಿಯಲ್ಲಿ, ಯಾವ ಪೊದೆಯಲ್ಲಿ ಸುರುಳಿ ತುದಿ ಕಂಡಿತೆಂದು ಗುರುತು ಹಾಕಿಟ್ಟುಕೊಂಡವರಿಗೆ ಚಳಿಗಾಲದಲ್ಲಿ ಎಲ್ಲಿ ಗುದ್ದಲಿ ಊರಬಾರದು ಎಂಬುದು ತಿಳಿದಿರುತ್ತದೆ. ಹಾಗೆ ಗುರುತಿಟ್ಟುಕೊಳ್ಳದ ನೆಲದಲ್ಲಿ, ಬಳ್ಳಿಯೇ ಕಾಣದ ಕಡೆ ಸಿಕ್ಕ ಗೆಡ್ಡೆಗೆ ಒಂದೇ ಹೆಸರು: ಗೊತ್ತಿಲ್ಲದ ಗೆಡ್ಡೆ. ಅದನ್ನು ಮತ್ತೆ ಮಣ್ಣಿಗೇ ಹಾಕಿ ಮುಚ್ಚಿ; ಮುಂಗಾರಿಗೆ ಅದೇ ಎಲೆ ಚಿಗುರಿಸಿ ತನ್ನ ಹೆಸರು ಹೇಳಲಿ.